ಹೂವಿಗೆ ಪ್ರವೇಶವಿಲ್ಲ

ನಮ್ಮ ಬಾಗಿಲ ಮೇಲೆ ಎರಡು ಬೋರ್ಡುಗಳಿವೆ. ಮೇಲಿನದರಲ್ಲಿ ಪರಾಗಶಾಸ್ತ್ರ ವಿಭಾಗ ಎಂದಿದೆ. ಕೆಳಗಿನದರಲ್ಲಿ, ದಪ್ಪ ಮರಾಠಿ ಅಕ್ಷರಗಳಲ್ಲಿ, ಒಳಗೆ ಹೂವು ತರಬಾರದು ಎಂದಿದೆ. ಎರಡನ್ನೂ ಒಟ್ಟಿಗೆ ಓದಿದವರು ನಗದೆ ಮುಂದೆ ಹೋದದ್ದನ್ನು ನಾನು ಕಂಡಿಲ್ಲ. ನಗುವ ಮಾತೇ, ಇಲ್ಲವೆನ್ನುವುದಿಲ್ಲ. ಹೂವಿನ ಪುಡಿಯನ್ನು ಓದಿ ಹೊಟ್ಟೆ ಹೊರೆಯುವವರು ಹೂವನ್ನೇ ಹೊಸ್ತಿಲಾಚೆ ನಿಲ್ಲಿಸಿದರೆ ಯಾರು ನಗುವುದಿಲ್ಲ? ಆದರೆ ಮೂವತ್ತು ವರ್ಷಗಳಿಂದ ಅದೇ ನಗು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ.

ಕಾರಣ ಇಷ್ಟೇ. ಪರಾಗ ಎಂಬುದು ಹಿಟ್ಟಿಗಿಂತ ನುಣ್ಣಗೆ. ನಾವು ಕೆರೆಯ ತಳದ ಸಾವಿರಾರು ವರ್ಷ ಹಳೆಯ ಕೆಸರನ್ನು ತಂದು, ಅದರೊಳಗೆ ಅಂದಿನ ಗಿಡಮರಗಳ ಪರಾಗವನ್ನು ಹುಡುಕುವವರು. ಅದರ ಪಕ್ಕದಲ್ಲಿ ಯಾರಾದರೂ ಮುಡಿದ ಹೂವನ್ನು ಒಮ್ಮೆ ಕೊಡವಿದರೂ ಸಾಕು, ಅಂದಿನದು ಯಾವುದು ಇಂದಿನದು ಯಾವುದು ಗೊತ್ತಾಗದೆ ಕೆಲಸವೆಲ್ಲ ಹೊಳೆಯಲ್ಲಿ ಹುಣಿಸೆ ಹಣ್ಣು ತೊಳೆದಂತಾಗುತ್ತದೆ. ಬೇರೆ ಊರಿನ ಒಬ್ಬ ಪುಣ್ಯಾತ್ಮರು ಹಳೆಯ ಕೆಸರಿನಲ್ಲಿ ಚೆಂಡುಹೂವು ಕಂಡೆನೆಂದು ದೊಡ್ಡ ಪ್ರಬಂಧ ಓದಿದರು. ಅದು ಅವರ ಪ್ರಯೋಗಾಲಯದ ಆಯುಧಪೂಜೆಯ ಚೆಂಡುಹೂವು. ಆಮೇಲೆ ಅವರು ಯಾವ ಸಭೆಯಲ್ಲೂ ಕಾಣಲಿಲ್ಲ.

ಆದ್ದರಿಂದ ನಮ್ಮ ವಿಭಾಗ ಕಟ್ಟಿದ ಕೇತಕಿ ಮೇಡಂ ಈ ನಿಯಮ ಮಾಡಿದರು. ಹೆಸರೇ ಹೂವಿನದು, ಆದರೂ ಒಂದು ಎಸಳು ಒಳಗೆ ಬಿಟ್ಟವರಲ್ಲ. ನಿಯಮಕ್ಕೆ ಕಾವಲಾಗಿ ಇನ್ನೊಂದು ಪದ್ಧತಿಯನ್ನೂ ಹಾಕಿಕೊಟ್ಟರು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೆ ಒಂದು ಗಾಜಿನ ಪಟ್ಟಿಗೆ ಜಿಡ್ಡು ಸವರಿ ಕಪಾಟಿನ ಮೇಲಿಡುವುದು. ಸಂಜೆ ಅದನ್ನು ಮೈಕ್ರೋಸ್ಕೋಪಿನಡಿ ನೋಡುವುದು. ಏನೂ ಇರಬಾರದು. ಇಲ್ಲದಿದ್ದರೆ ಕೋಣೆಯ ಗಾಳಿ ಶುದ್ಧ, ನಮ್ಮ ಕೆಲಸ ಶುದ್ಧ. ಇದಕ್ಕೆ ನಾವು ಖಾಲಿ ಗಾಜು ಎನ್ನುತ್ತೇವೆ. ಒಳ್ಳೆಯ ಖಾಲಿ ಗಾಜುಗಳನ್ನು ಮೇಡಂ ಒಂದು ಡ್ರಾಯರಿನಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದರು. ಬೇರೆ ವಿಭಾಗದವರು ಬಂದವರಿಗೆ ಪದಕ ತೋರಿಸುತ್ತಾರೆ, ನಾನು ಖಾಲಿ ಗಾಜು ತೋರಿಸುತ್ತೇನೆ ಎನ್ನುತ್ತಿದ್ದರು. ಅವರು ಹೋದ ಮೇಲೆ ಆ ಡ್ರಾಯರು ನನ್ನ ಕೈಗೆ ಬಂತು.

ಡ್ರಾಯರಿನ ಜೊತೆಗೆ ನಿಯಮವೂ ಬಂತು. ಧಾರವಾಡದಲ್ಲಿದ್ದಾಗ ಮಲ್ಲಿಗೆ ಮುಡಿಯದೆ ನಾನು ಕಾಲೇಜಿಗೆ ಹೊರಟದ್ದಿಲ್ಲ. ಪುಣೆಗೆ ಬಂದು ಈ ಕೋಣೆ ಸೇರಿದ ಮೇಲೆ ಒಂದು ದಿನವೂ ಹೂ ಮುಡಿದಿಲ್ಲ. ರವಿವಾರವೂ ಇಲ್ಲ, ಕೂದಲಲ್ಲಿ ಉಳಿದುಬಿಟ್ಟರೆ? ಮಂಡಯಿ ಮಾರ್ಕೆಟ್ಟಿನಲ್ಲಿ ಹೂವಿನವರ ಸಾಲು ದಾಟುವಾಗ ಇವತ್ತಿಗೂ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ.

ಇರಲಿ. ಜೂನ್ ತಿಂಗಳಲ್ಲಿ ಡೀನ್ ಮಾರ್ತಾಂಡರಾಯರು ನಮ್ಮ ಕೋಣೆಗೆ ಬಂದರು. ಬೆಳಗಾವಿಯವರು, ನನ್ನದೇ ವಯಸ್ಸು. ಬಾಗಿಲು ಮುಚ್ಚಿದರೆ ನಮ್ಮಿಬ್ಬರ ಮಾತು ಕನ್ನಡ, ತೆರೆದರೆ ಮರಾಠಿ. ಅವರು ಬಾಗಿಲು ಮುಚ್ಚಿ ಕುಳಿತರು.

"ಭಾಮಾಬಾಯಿ, ನಿಮ್ಮ ಚಹಾ ಭಾಳ ಛಲೋ ಆಗೇದ್ರಿ" ಎಂದರು.

ಚಹಾ ಇನ್ನೂ ಬಂದಿರಲಿಲ್ಲ. ಕೆಟ್ಟ ಸುದ್ದಿ ತಂದಾಗ ಮಾತ್ರ ಅವರು ನಮ್ಮ ಚಹಾ ಹೊಗಳುವುದು, ಅಷ್ಟರಲ್ಲೇ ಗೊತ್ತಾಯಿತು.

"ಹೊಗಳಿದ್ದು ಸಾಕು, ಏನ್ ಬಂದದ ಹೇಳ್ರಿ."

ಬಂದದ್ದು ಸುಧಾರಣೆ. ವಿಶ್ವವಿದ್ಯಾಲಯದಲ್ಲಿ ಇನ್ನು ಮುಂದೆ ಯಾವ ವಿದ್ಯಾರ್ಥಿ ಯಾವ ವಿಷಯವನ್ನು ಬೇಕಾದರೂ ಆರಿಸಬಹುದು. ಜನ ಬಾರದ ಸಣ್ಣ ವಿಭಾಗಗಳನ್ನು ದೊಡ್ಡ ಶಾಲೆಗಳೊಳಗೆ ಕಲಸಿಬಿಡುವುದು. ಈ ಸಲ ನಮ್ಮ ವಿಷಯವನ್ನು ಇಪ್ಪತ್ತು ಜನ ಆರಿಸದಿದ್ದರೆ ಪರಾಗಶಾಸ್ತ್ರ ಎಂಬ ಹೆಸರು ಅಳಿಸಿ ನಮ್ಮನ್ನು ಜೀವ ಮತ್ತು ದತ್ತಾಂಶ ಶಾಲೆಗೆ ಸೇರಿಸುತ್ತಾರೆ. ಕೋಣೆ ಸ್ಟಾರ್ಟಪ್ ಕೇಂದ್ರಕ್ಕೆ. ಅರವತ್ತು ವರ್ಷದ ಸ್ಲೈಡುಗಳು ನೆಲಮಾಳಿಗೆಗೆ.

"ರುಚಿ ನೋಡೋ ವಾರ ಅಂತ ಇಟ್ಟೇವಿ" ಎಂದರು ಮಾರ್ತಾಂಡರಾಯರು. "ಜುಲೈದಾಗ. ನೀವು ಒಂದ ಕ್ಲಾಸ್ ತಗೋಬೇಕು. ಹುಡುಗ್ರು ಬಂದು ಕೂತು ನೋಡ್ತಾರ, ಅವತ್ತ ಸಂಜಿ ಐದರೊಳಗ ಫೋನಿನ್ಯಾಗ ಆರಿಸ್ತಾರ."

"ವಿದ್ಯಾ ಏನು ಪಾನಿಪುರಿ ಏನ್ರಿ, ರುಚಿ ನೋಡಿ ಹೋಗ್ಲಿಕ್ಕೆ?"

"ಹಂಗಂತ ತಿಳೀರಿ. ಆದ್ರ ಪಾನಿಪುರಿ ಗಾಡಿ ಮುಂದ ಗದ್ದಲ ಇರ್ತದ. ನಿಮ್ಮ ಬಾಗಲ ಮುಂದ ಯಾರಿದ್ದಾರ?"

ನನಗೆ ಮೈಯೆಲ್ಲ ಉರಿಯಿತು. ಆದರೆ ಬಾಗಿಲ ಮುಂದೆ ನಿಜಕ್ಕೂ ಯಾರೂ ಇರಲಿಲ್ಲ. ನಮ್ಮ ಸಹಾಯಕ ಕೃಷ್ಣಾಜಿ ಚಹಾ ಹಿಡಿದು ಬರುತ್ತಿದ್ದ, ಅಷ್ಟೇ.

ನನಗೆ ನಿವೃತ್ತಿಗೆ ಎರಡೇ ವರ್ಷ. ನನ್ನ ಚಿಂತೆ ನನ್ನದಾಗಿರಲಿಲ್ಲ, ಹರ್ಷಿತಾಳದು. ಮಂಡ್ಯದ ಹುಡುಗಿ. ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದವಳು, ಒಂದು ದಿನ ನಮ್ಮಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಿ, ಆ ಕೆಲಸ ಬಿಟ್ಟು, ಕೆರೆಯ ಕೆಸರಿನ ಮೇಲೆ ಪಿಎಚ್‌ಡಿ ಮಾಡಲು ಬಂದು ಕುಳಿತವಳು. ಮನೆಯವರು ಮೂರು ತಿಂಗಳು ಮಾತು ಬಿಟ್ಟಿದ್ದರು. ಈಗ ವಿಭಾಗಕ್ಕೆ ಎಳ್ಳುನೀರು ಬಿಟ್ಟರೆ ಅವಳ ಪ್ರಬಂಧದ ಗತಿ? ಪರಾಗ ಎಂದರೆ ಹುಡುಗರ ಹೆಸರು ಎಂದಷ್ಟೇ ತಿಳಿದ ಯಾರೋ ಮಾರ್ಗದರ್ಶಕರಾಗುತ್ತಾರೆ. ನಾನು ಹೋದ ಮೇಲೆ ಈ ಸ್ಲೈಡುಗಳನ್ನು ಓದಬಲ್ಲ ಒಂದೇ ಜೊತೆ ಕಣ್ಣು ಅವಳದು. ಅದನ್ನು ಕಳೆಯಲು ನಾನು ತಯಾರಿರಲಿಲ್ಲ.

ಅವಳೇ ನನಗೆ ಧೈರ್ಯ ಹೇಳಿದಳು. "ಮೇಡಂ, ಪೋಸ್ಟರ್, ರೀಲ್ಸ್ ಎಲ್ಲಾ ನಾನ್ ನೋಡ್ಕೋತೀನಿ. ನೀವು ಸ್ವಲ್ಪ ಸ್ಮೈಲ್ ಮಾಡ್ಬೇಕು, ಅಷ್ಟೇ."

"ನಾನು ನಗೂದಿಲ್ಲೇನು?"

"ನಗ್ತೀರ ಮೇಡಂ. ಡಿಸೆಂಬರ್‌ನಲ್ಲಿ ನೋಡಿದ್ದೆ."

ಕ್ಲಾಸಿಗೆ ನಾನು ಶುಕ್ರವಾರ ಬೆಳಿಗ್ಗೆಯನ್ನು ಆರಿಸಿದೆ. ಯಾಕೆ ಆರಿಸಿದೆ ಎಂದರೆ ಆ ಹೊತ್ತಿಗೆ ದೊಡ್ಡ ಸಭಾಂಗಣದಲ್ಲಿ ಭಾಷಣಗಳಿರಲಿಲ್ಲ. ಆ ಶುಕ್ರವಾರವೇ ಹುಡುಗ ಹುಡುಗಿಯರ ಸಾಂಪ್ರದಾಯಿಕ ಉಡುಪಿನ ದಿನ ಎಂದು ವಿಶ್ವವಿದ್ಯಾಲಯದ ವಾಟ್ಸಾಪ್ ಗುಂಪಿನಲ್ಲಿ ವಾರವಿಡೀ ಬಡಿದುಕೊಂಡಿದ್ದರಂತೆ. ನಾನು ಆ ಗುಂಪಿನ ಸದ್ದು ಬಂದ್ ಮಾಡಿ ಎಷ್ಟೋ ವರ್ಷವಾಗಿತ್ತು.

ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದರೆ ಕಾರಿಡಾರಿನ ತುಂಬ ಒಂಬತ್ತು ಗಜದ ಸೀರೆಗಳು, ಪೇಟಗಳು, ಮೂಗಿನ ನತ್ತುಗಳು. ಹರ್ಷಿತಾಳ ಪೋಸ್ಟರ್ ಕೆಲಸ ಮಾಡಿತ್ತು. ನಲವತ್ತರ ಮೇಲೆಯೇ ಜನ ಬಂದಿದ್ದರು. ನನಗೆ ಸಂತೋಷದಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಮೇಲೆ ಅವರ ಬೆನ್ನು ಕಡೆ ನೋಡಿದೆ. ಪ್ರತಿ ಹುಡುಗಿಯ ಜಡೆಯಲ್ಲೂ ಮೊಗರೆಯ ಗಜರೆ, ನಮ್ಮ ಕಡೆಯ ದುಂಡುಮಲ್ಲಿಗೆಯ ದಂಡೆ. ಹುಡುಗರೂ ಕೆಲವರು ಮಣಿಕಟ್ಟಿಗೆ ಸುತ್ತಿಕೊಂಡಿದ್ದರು. ಇಡೀ ಕಾರಿಡಾರು ಮದುವೆ ಮನೆಯಂತೆ ಘಮ್ಮೆನ್ನುತ್ತಿತ್ತು.

ಹರ್ಷಿತಾ ಓಡಿಬಂದಳು. "ಮೇಡಂ, ಇವತ್ತೊಂದಿನ ರೂಲ್ ಬಿಟ್ಬಿಡೋಣ್ವಾ?"

"ಒಳಗ ನಿನ್ನ ಕೆಸರಿನ ಸ್ಲೈಡ್ ತೆರಕೊಂಡು ಕೂತಾವ. ಮೂರು ವರ್ಷದ ಕೆಲಸ. ಬಿಡೋದ ಹೆಂಗ?"

ನಾನು ಕೃಷ್ಣಾಜಿಗೆ ಕಣ್ಣಿನಲ್ಲೇ ಹೇಳಿದೆ.

ಕೃಷ್ಣಾಜಿ ಪುಣೆಯ ಹತ್ತಿರದ ಸಾಸವಡದವನು. ನನ್ನ ಬೈಗುಳ ಕೇಳಿ ಕೇಳಿ ಧಾರವಾಡದ ಕನ್ನಡ ಕಲಿತಿದ್ದಾನೆ. ಹೂ ಮುಡಿದು ಬಂದವರಿಂದ ಹೂ ತೆಗೆಸಿ, ಬಾಗಿಲ ಹೊರಗೆ ಮುಚ್ಚಳದ ಡಬ್ಬಿಯಲ್ಲಿಟ್ಟು, ಹೋಗುವಾಗ ಮರಳಿ ಕೊಡುವುದು ಅವನ ಮೊದಲ ದಿನದಿಂದಲೂ ಇರುವ ಕೆಲಸ. ಅದಕ್ಕೆ ಅಂಗೈಯಗಲದ ಡಬ್ಬಿ ಸಾಕಾಗುತ್ತಿತ್ತು, ಯಾಕೆಂದರೆ ನಮ್ಮಲ್ಲಿ ಒಂದು ಸಲಕ್ಕೆ ಒಬ್ಬರಿಗಿಂತ ಹೆಚ್ಚು ಜನ ಬಂದದ್ದೇ ಇಲ್ಲ. ಅಂದು ಅವನು ಒಂದು ಕ್ಷಣ ಯೋಚಿಸಿ, ಓಡಿಹೋಗಿ ತನ್ನ ಸ್ಕೂಟರಿಗೆ ಕಟ್ಟಿದ್ದ ದೊಡ್ಡ ಸ್ಟೀಲ್ ಡಬ್ಬಿ ತಂದ. ಯಾತ್ರೆಯ ಪಾಲಖಿ ಸಾಸವಡದಲ್ಲಿ ನಿಂತಾಗ ಅವನ ಮನೆಯವರು ನಡೆದು ಬಂದ ವಾರಕರಿ ಭಕ್ತರಿಗೆ ಲಾಡು ಹಂಚುವ ಡಬ್ಬಿ ಅದು. ರಿಪೇರಿಗೆಂದು ಕ್ಯಾಂಪ್ ಪೇಟೆಗೆ ಒಯ್ಯಲು ತಂದಿದ್ದನಂತೆ. ಬಾಗಿಲಲ್ಲಿ ಕುಳಿತು, ಒಬ್ಬೊಬ್ಬರ ಗಜರೆ ಇಸಿದುಕೊಂಡು, ಒಂದರ ಮೇಲೊಂದು ಹಾಕುತ್ತ ಹೋದ.

ಸಾಲು ಉದ್ದವಾಯಿತು. ಗಂಟೆಗಟ್ಟಲೆ ಕನ್ನಡಿ ಮುಂದೆ ಕುಳಿತು ಮುಡಿದದ್ದನ್ನು ಬಿಚ್ಚು ಎಂದರೆ ಯಾವ ಹುಡುಗಿಗೆ ಹಿಡಿಸುತ್ತದೆ? ಒಬ್ಬಳು ಮರಾಠಿಯಲ್ಲಿ, ಹೂವಿನ ಕ್ಲಾಸಿಗೆ ಹೂ ಬೇಡವಂತೆ, ಎಂದು ಜೋರಾಗಿ ನಕ್ಕಳು. ನನ್ನ ನಾಲಿಗೆ ನನ್ನ ಮಾತು ಕೇಳುವುದಲ್ಲ. ಬೇಡವಾದವರು ಹೋಗಬಹುದು ಎಂದೆ. ಅರ್ಧಕ್ಕಿಂತ ಹೆಚ್ಚು ಜನ ಹೋಗಿಯೇಬಿಟ್ಟರು. ಪಕ್ಕದ ಕೋಣೆಯಲ್ಲಿ ಡಿಜಿಟಲ್ ಬ್ರ್ಯಾಂಡಿಂಗ್ ರುಚಿ ತೋರಿಸುತ್ತಿದ್ದರು, ಅಲ್ಲಿ ಏಸಿಯೂ ಇತ್ತು, ಬಿಸ್ಕೀಟೂ ಇತ್ತು.

ಉಳಿದವರು ಇಪ್ಪತ್ತಕ್ಕೆ ಕಡಿಮೆ. ಒಳಗೆ ಕೂರಿಸಿ ನನಗೆ ಪ್ರಿಯವಾದ ಕೆರೆಯ ಪಾಠ ಶುರುಮಾಡಿದೆ. ಕೆರೆಯ ತಳಕ್ಕೆ ಕೊಳವೆ ಇಳಿಸಿ ಕೆಸರಿನ ಉದ್ದನೆಯ ಕಂಬ ಎತ್ತುತ್ತೇವೆ. ಬುಡದಲ್ಲಿ ಬರೀ ಕಾಡುಮರದ ಪರಾಗ. ಮೇಲೆ ಮೇಲೆ ಬಂದಂತೆ ಒಂದು ಪದರದಲ್ಲಿ ಇದ್ದಕ್ಕಿದ್ದಂತೆ ಧಾನ್ಯದ ಪರಾಗ ಕಾಣುತ್ತದೆ, ಅಂಗಳದಲ್ಲಿ ಬೆಳೆಯುವ ಕಳೆಗಿಡಗಳದು ಕಾಣುತ್ತದೆ. ಮಡಕೆಯ ಚೂರು ಬೇಡ, ಮೂಳೆ ಬೇಡ. ಆ ಪದರದ ಮುಂದೆ ನಾವು ಬರೆಯುವುದು ಒಂದೇ ಮಾತು: ಇಲ್ಲಿ ಜನ ಬಂದರು. ಅದೆಲ್ಲ ಇಲ್ಲದ ಪದರದ ಮುಂದೆ: ಇಲ್ಲಿ ಯಾರೂ ಇರಲಿಲ್ಲ.

ಈ ಮಾತಿಗೆ ನನಗೆ ಇವತ್ತಿಗೂ ರೋಮಾಂಚನವಾಗುತ್ತದೆ. ಹುಡುಗರು ಸಭ್ಯವಾಗಿ ಕೇಳಿಸಿಕೊಂಡರು. ಮುಂದಿನ ಸಾಲಿನ ಒಬ್ಬ ಪೇಟದ ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದ. ಹಿಂದೆ ನಿಂತಿದ್ದ ಹರ್ಷಿತಾ ತನ್ನ ತುಟಿಯ ಎರಡೂ ಕೊನೆಗೆ ಬೆರಳಿಟ್ಟು ಎಳೆದು ತೋರಿಸಿದಳು. ನಾನು ನಗುವುದನ್ನು ಮರೆತೇಬಿಟ್ಟಿದ್ದೆ.

ಕ್ಲಾಸು ಮುಗಿಯಿತು. ಎಲ್ಲರೂ ಹೊರಗೆ ಹೋದರು. ಸೋತೆವು ಎಂದುಕೊಂಡು ನಾನು ಹಲಗೆ ಒರೆಸುತ್ತಿದ್ದೆ. ಆಗ ಹೊರಗೆ ಗಲಾಟೆ ಎದ್ದಿತು.

ಕೃಷ್ಣಾಜಿ ಡಬ್ಬಿಯ ಮುಚ್ಚಳ ತೆಗೆದಿದ್ದ. ಒಳಗೆ ಒಂದೇ ಬಣ್ಣದ, ಒಂದೇ ಉದ್ದದ, ಒಂದೇ ಬಿಳಿ ದಾರದ ಗಜರೆಗಳ ರಾಶಿ. ಯಾರದ್ದು ಯಾವುದೆಂದು ದೇವರಿಗೂ ಗೊತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಹೂ ಕಾಯ್ದ ಮನುಷ್ಯನಿಗೆ ಚೀಟಿ ಹಚ್ಚಬೇಕೆಂದು ಹೊಳೆಯುವುದಾದರೂ ಹೇಗೆ? ನನಗೂ ಹೊಳೆದಿರಲಿಲ್ಲ. ಮೊದಲು ಬಂದವರು ದಪ್ಪನೆಯದಕ್ಕೆ ಕೈಹಾಕಿದರು, ಹಿಂದಿನವರು ಅದು ತಮ್ಮದೆಂದು ಹಿಡಿದೆಳೆದರು. ಕೃಷ್ಣಾಜಿ ಡಬ್ಬಿಯನ್ನು ಎದೆಗವಚಿಕೊಂಡು, ಯಾರಿಗೂ ಕೊಡುವುದಿಲ್ಲ ಎಂದು ಗೋಡೆಗೆ ಒರಗಿ ನಿಂತ.

ಜಗಳದಲ್ಲಿ ಸೇರದೆ ಒಬ್ಬಳು ಮಾತ್ರ ಪಕ್ಕದಲ್ಲಿ ನಿಂತಿದ್ದಳು. ಕಣ್ಣು ತುಂಬಿತ್ತು. ಏನೆಂದು ಮರಾಠಿಯಲ್ಲಿ ಕೇಳಿದೆ. ನನ್ನ ಉಚ್ಚಾರ ಕೇಳಿ ಅವಳು ಕನ್ನಡದಲ್ಲೇ ಉತ್ತರ ಕೊಟ್ಟಳು.

"ನನ್ನ ಗಜರಾ ಅಜ್ಜಿ ಕಟ್ಟಿದ್ದ್ರಿ, ಮೇಡಂ. ಅಂಗಡೀದಲ್ಲ."

ಅವಳ ಹೆಸರು ವರದಾ. ಮನೆ ಊರಂಚಿನ ಕೊಂಢವಾದಲ್ಲಿ, ಮೂಲ ಚಿಕ್ಕೋಡಿ. ಅಜ್ಜಿಗೆ ಈಗ ಕಣ್ಣು ಕಾಣುವುದಿಲ್ಲ, ಕೈಯಿಂದ ಮುಟ್ಟಿ ಮುಟ್ಟಿ ಕಟ್ಟುತ್ತಾಳೆ.

"ಹಂಗಾರ ಗಂಟು ನೋಡಿ ಗುರ್ತು ಹಿಡಿಯವಾ."

"ನನಗ ಗೊತ್ತಾಗಂಗಿಲ್ಲರಿ. ಅಕಿಗೆ ಗೊತ್ತಾಗ್ತದ. ಮನಿಗೆ ಹೋದ ಕೂಡ್ಲೆ ಜಡಿ ಮುಟ್ಟಿ ನೋಡ್ತಾಳ. ಬ್ಯಾರೆದಿದ್ರ ಏನೂ ಅನ್ನಂಗಿಲ್ಲ. ಆದ್ರ ನಾಳಿಂದ ಕಟ್ಟೂದ ಬಿಡ್ತಾಳ."

ಕೇತಕಿ ಮೇಡಂ ನೆನಪಾದರು, ಡ್ರಾಯರು ನೆನಪಾಯಿತು. ಮೂವತ್ತು ವರ್ಷ ಪರಾಗವನ್ನು ಓದಿ ಈ ಮಗುವಿಗೆ ಒಂದು ಹೂವಿನ ಗುರುತು ಹೇಳಲಾರೆನಾದರೆ ಈ ವಿದ್ಯೆ ನೆಲಮಾಳಿಗೆಗೆ ಹೋಗುವುದೇ ಸರಿ ಅನಿಸಿತು. ಆ ಸಿಟ್ಟು ಯಾರ ಮೇಲೆ ಬಂತೋ ನನಗೇ ತಿಳಿಯದು.

"ಕೃಷ್ಣಾಜಿ, ಡಬ್ಬಿ ಒಳಗ ತಾ."

ಅವನು ಬೋರ್ಡು ನೋಡಿದ, ನನ್ನನ್ನು ನೋಡಿದ. "ಮೇಡಂ, ಹೂವದಾವ್ರಿ."

"ನನಗ ಕಣ್ಣದಾವ. ತಾ ಒಳಗ."

ಹರ್ಷಿತಾಳ ಸ್ಲೈಡುಗಳ ನೆನಪಾಗಿ ಅತ್ತ ತಿರುಗಿದೆ. ಅವಳಾಗಲೇ ಅವನ್ನೆಲ್ಲ ಪೆಟ್ಟಿಗೆಗೆ ಹಾಕಿ, ಸುತ್ತ ಟೇಪು ಅಂಟಿಸಿ, ಕಪಾಟಿನೊಳಗೆ ತಳ್ಳುತ್ತಿದ್ದಳು.

"ಐದು ನಿಮಿಷದ ಕೆಲಸ ಮೇಡಂ" ಎಂದಳು.

"ಮತ್ತ ಬೆಳಿಗ್ಗೇನ ಯಾಕ ಹೇಳಲಿಲ್ಲ?"

"ನೀವ್ ಕೇಳ್ಲೇ ಇಲ್ವಲ್ಲ."

ಎಲ್ಲರೂ ಮತ್ತೆ ಒಳಗೆ ಬಂದರು. ಗಜರೆಗಳನ್ನು ಮೇಜಿನ ಮೇಲೆ ಒಂದೊಂದೇ ಹರವಿದೆವು. ಕೆಲಸ ಸುಲಭದ್ದು. ಗ್ಲಿಸರಿನ್ ಜೆಲ್ಲಿಯ ಸಣ್ಣ ತುಣುಕನ್ನು ಹೂವಿನ ಮೇಲೆ ಒತ್ತಿ, ಗಾಜಿನ ಮೇಲಿಟ್ಟು ಸ್ವಲ್ಪ ಬಿಸಿಮಾಡಿ, ಮೈಕ್ರೋಸ್ಕೋಪಿನಡಿ ಇಡುವುದು. ಅಲ್ಲಿಂದ ಕ್ಯಾಮೆರಾ ಅದನ್ನು ಗೋಡೆಯ ಮೇಲಿನ ಪರದೆಗೆ ಎಸೆಯುತ್ತದೆ.

"ಮೊಗರಾ ಎಲ್ಲಾದರಾಗೂ ಇರ್ತದ, ಅದನ್ನ ಬಿಡ್ರಿ" ಎಂದು ನಾನು ಮರಾಠಿಯನ್ನೂ ಕನ್ನಡವನ್ನೂ ಕಲಸಿ ಹೇಳಿದೆ. "ಅದರ ಮ್ಯಾಲೆ ಬ್ಯಾರೆ ಏನ್ ಕೂತದ ನೋಡೂಣು."

ಮೊದಲನೆಯದನ್ನು ಇಟ್ಟ ಕೂಡಲೆ ಪರದೆಯ ತುಂಬ ಮುಳ್ಳುಮುಳ್ಳಿನ ಚೆಂಡುಗಳು. ಹುಡುಗಿಯರು ಹೌಹಾರಿದರು. ಇದು ಸೇವಂತಿಗೆ ಎಂದೆ, ಸೇವಂತಿಗೆಯ ಬುಟ್ಟಿಯ ಪಕ್ಕದಲ್ಲಿ ಕೂತ ಗಜರೆ ಯಾರದ್ದು? ಒಬ್ಬಳು ಕೈಯೆತ್ತಿದಳು. ಕ್ಯಾಂಪಿನ ಹಳೆಯ ಮಾರ್ಕೆಟ್ಟಿನಲ್ಲಿ ಕೊಂಡದ್ದು, ಮಾರುವವಳು ಸೇವಂತಿಗೆಯ ರಾಶಿಯ ಮೇಲೇ ಇಟ್ಟುಕೊಂಡಿದ್ದಳು ಎಂದಳು. ಗಜರೆ ಅವಳ ಕೈಗೆ ಹೋಯಿತು. ಅವಳು ಅದನ್ನು ಮುಡಿಯದೆ ಪರದೆಯನ್ನೇ ನೋಡುತ್ತ ನಿಂತಳು.

ಮುಂದಿನದನ್ನು ಇಟ್ಟೆ. ಅದರಲ್ಲಿ ಚೆಂಡುಹೂವಿನ ಪರಾಗ, ಅದರ ಜೊತೆ ಹಳದಿ ಬಣ್ಣದ ಮೊಟ್ಟೆಯಾಕಾರದ ಕಣಗಳು ರಾಶಿ ರಾಶಿ. ನನಗೆ ನಗು ತಡೆಯಲಾಗಲಿಲ್ಲ.

"ಇದು ಅರಿಷಿಣ. ಇದನ್ನ ಯಾರೋ ದೇವರ ಫೋಟೋದ ಮ್ಯಾಲಿಂದ ಎತ್ತಿಕೊಂಡು ಬಂದಾರ."

ಎಲ್ಲರೂ ತಿರುಗಿ ನೋಡಿದರು. ಆಕಳಿಸಿದ್ದ ಪೇಟದ ಹುಡುಗ, ವಿನೀತನಂತೆ ಅವನ ಹೆಸರು, ಕಿವಿಯವರೆಗೆ ಕೆಂಪಾಗಿ ಕೈಯೆತ್ತಿದ. ಹೊತ್ತಾಗಿತ್ತು ಮೇಡಂ, ಅಂಗಡಿ ತೆಗೆದಿರಲಿಲ್ಲ, ಎಂದ. ಕೋಣೆ ಕಿತ್ತುಹೋಗುವ ಹಾಗೆ ನಗೆ ಎದ್ದಿತು. ನಾನೂ ನಕ್ಕೆ. ಹರ್ಷಿತಾ ಹಿಂದಿನಿಂದ ಹೆಬ್ಬೆರಳೆತ್ತಿ ತೋರಿಸಿದಳು.

ಆ ನಗೆಗೆ ಪಕ್ಕದ ಕೋಣೆಯವರು ಬಾಗಿಲಲ್ಲಿ ಇಣುಕಿದರು. ಬೆಳಿಗ್ಗೆ ಬಿಟ್ಟುಹೋದವರೂ ಅವರಲ್ಲಿದ್ದರು, ಕೈಯಲ್ಲಿ ಬಿಸ್ಕೀಟು, ತಲೆಯಲ್ಲಿ ಗಜರೆ. ಕೃಷ್ಣಾಜಿ ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದ. ಬಿಡು ಎಂದೆ. ಬಂದವರು ತಮ್ಮ ಗಜರೆಯನ್ನೂ ನೋಡಿ ಎಂದು ಗಂಟುಬಿದ್ದರು. ಒಬ್ಬಳ ಹೂವಿನಲ್ಲಿ ಜೋಳದ ಜಾತಿಯ ಹುಲ್ಲಿನ ಪರಾಗ ಕಂಡು, ಬಸ್ಸಿನ ಕಿಟಕಿಯ ಪಕ್ಕ ಕೂತು ದೂರದಿಂದ ಬಂದಿದ್ದೀಯಾ ಎಂದು ಹರ್ಷಿತಾ ಕೇಳಿದಳು. ಹೌದೆಂದಾಗ ಆ ಹುಡುಗಿಗಿಂತ ಹರ್ಷಿತಾಳೇ ಹೆಚ್ಚು ಹಿಗ್ಗಿದಳು. ಈಗ ಪಾಠ ಅವಳದೇ ಆಗಿತ್ತು. ಕನ್ನಡ, ಇಂಗ್ಲಿಷು, ಮುರುಕು ಮರಾಠಿ ಮೂರನ್ನೂ ಸೇರಿಸಿ ಅವಳು ಮಾತಾಡುತ್ತಿದ್ದರೆ ಹುಡುಗರು ಬೆಂಚಿನ ಮೇಲೆ ಹತ್ತಿ ನಿಂತು ಕೇಳುತ್ತಿದ್ದರು.

ವರದಾ ಮಾತ್ರ ಮೇಜು ಬಿಟ್ಟು ಕದಲಲಿಲ್ಲ. ಪ್ರತಿ ಗಜರೆಗೂ ಅವಳು ನನ್ನ ಮುಖ ನೋಡುತ್ತಿದ್ದಳು.

ಎರಡು ಗಜರೆಗಳಲ್ಲಿ ಚೂಪು ಮೂಲೆಗಳ ಬೂದು ಚೂರುಗಳು ಕಂಡವು. ಗಿಡದ್ದಲ್ಲ, ಸಿಮೆಂಟು. ಎಲ್ಲಿ ನೋಡಿದರಲ್ಲಿ ಕಟ್ಟಡ ಏಳುತ್ತಿರುವ ಕೊಂಢವಾದಿಂದ ಬಂದವರಲ್ಲಿ ವರದಾಳನ್ನು ಬಿಟ್ಟು ಇನ್ನೊಬ್ಬಳಿದ್ದಳು. ಇಬ್ಬರ ಗಜರೆಯೂ ಒಂದೇ ಉದ್ದ, ನೋಡಲು ಕಟ್ಟಿದ ರೀತಿಯೂ ಒಂದೇ. ಇನ್ನೊಬ್ಬಳದನ್ನು ಓಣಿಯ ಹೂವಿನವಳು ಕಟ್ಟಿಕೊಟ್ಟಿದ್ದಳಂತೆ. ಯಾವುದಾದರೂ ಒಂದು ಒಯ್ಯಲಿ ಎಂದು ಆ ಹುಡುಗಿ ಪಾಪ ದೊಡ್ಡ ಮನಸ್ಸು ಮಾಡಿದಳು. ವರದಾ ಬೇಡವೆಂದು ತಲೆಯಾಡಿಸಿದಳು.

"ನಿಮ್ಮ ಅಜ್ಜಿ ಹೂವು ಎಲ್ಲಿ ಹರೀತಾಳ?" ಎಂದು ಕೇಳಿದೆ.

"ಬಾಲ್ಕನ್ಯಾಗ್ರಿ. ಕುಂಡ್ಯಾಗ ಹಚ್ಚೇವಿ."

"ಅದಕ್ಕೂ ಮೊದಲ ಮತ್ತೇನು ಹರೀತಾಳ?"

ವರದಾ ಯೋಚಿಸಿದಳು. "ದೇವರಿಗೆ ತುಳಸಿ. ಮೊದಲ ತುಳಸಿ, ಆಮ್ಯಾಲೆ ಮೊಗರಾ. ಒಂದ ಬುಟ್ಟ್ಯಾಗ ಹಾಕ್ಕೊತಾಳ್ರಿ."

ನನಗೆ ಬೇಕಾದದ್ದು ಅಷ್ಟೇ. ತುಳಸಿಯ ಪರಾಗದಲ್ಲಿ ಸುತ್ತಲೂ ಆರು ಗೀರುಗಳಿರುತ್ತವೆ, ಸುಲಿದ ಕಿತ್ತಳೆಯ ತೊಳೆಗಳ ಹಾಗೆ, ಎಂದು ಎಲ್ಲರಿಗೂ ಹೇಳಿದೆ. ತೆನೆ ಹರಿದ ಕೈಯಲ್ಲೇ ಮೊಗರೆ ಹಿಡಿದರೆ ಒಂದೆರಡಾದರೂ ಅಂಟಲೇಬೇಕು. ಮೊದಲನೆಯ ಗಜರೆಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಎರಡನೆಯದನ್ನು ಇಟ್ಟು ನಿಧಾನವಾಗಿ ಸರಿಸುತ್ತ ಹೋದೆ. ಸಿಮೆಂಟು, ಸಿಮೆಂಟು, ಮೊಗರೆ, ಮತ್ತೆ ಸಿಮೆಂಟು. ಆಮೇಲೆ ಪರದೆಯ ಎಡ ಮೂಲೆಯಿಂದ ಒಂದು ದುಂಡನೆಯ ಕಣ ಮೆಲ್ಲಗೆ ಒಳಗೆ ಬಂತು. ನಾನು ಅದನ್ನು ಪರದೆಯ ನಡುವಿಗೆ ತಂದು ನಿಲ್ಲಿಸಿದೆ.

ವಿನೀತ ಜೋರಾಗಿ ಎಣಿಸಿದ. ಆರು.

ಕೋಣೆಯೆಲ್ಲ ಚಪ್ಪಾಳೆ ತಟ್ಟಿತು. ವರದಾ ಗಜರೆಯನ್ನು ಎರಡೂ ಅಂಗೈಯಲ್ಲಿ ಇಟ್ಟುಕೊಂಡು ಅಲ್ಲೇ ಅತ್ತುಬಿಟ್ಟಳು. ಕೃಷ್ಣಾಜಿ ಅವಳಿಗೆ ನೀರು ತಂದುಕೊಟ್ಟು, ತಾನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಆ ಹೊತ್ತಿಗೆ ಸರಿಯಾಗಿ ಮಾರ್ತಾಂಡರಾಯರು ಬಂದರು. ಬೆಂಚಿನ ಮೇಲೆ ನಿಂತ ಹುಡುಗರು, ನೆಲದ ಮೇಲೆ ಮೊಗರೆಯ ಎಸಳು, ಬಿಸ್ಕೀಟಿನ ಚೂರು. ಅವರು ಹೊರಗೆ ಹೋಗಿ ಬೋರ್ಡು ಓದಿ ಮತ್ತೆ ಒಳಗೆ ಬಂದು, ಬಾಗಿಲು ತೆರೆದಿದ್ದರೂ ಕನ್ನಡದಲ್ಲೇ ಕೇಳಿದರು.

"ಭಾಮಾಬಾಯಿ, ಆರಾಮ ಅದೀರಿಲ್ಲೋ?"

"ಭಾಳ ಆರಾಮ ಅದೀನಿ" ಎಂದೆ.

ಸಂಜೆ ಐದಾದ ಮೇಲೆ ಅವರು ಮತ್ತೊಮ್ಮೆ ಬಂದು ಕುಳಿತರು. ಹರ್ಷಿತಾ ಉಗುರು ಕಚ್ಚುತ್ತ ಕಿಟಕಿಯ ಹತ್ತಿರ ನಿಂತಿದ್ದಳು. ಕೃಷ್ಣಾಜಿ ಚಹಾ ತಂದುಕೊಟ್ಟ. ಮಾರ್ತಾಂಡರಾಯರು ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದರು.

"ಏನ್ರಿ ಇದು, ಚಹಾ ಅದನೋ ಕಲಗಚ್ಚು ಅದನೋ?"

ನಾನು ಕುರ್ಚಿ ಬಿಟ್ಟೆದ್ದೆ. ಹರ್ಷಿತಾಳಿಗೆ ಅರ್ಥವಾಗಲಿಲ್ಲ. "ಎಷ್ಟು ಜನ ಸರ್?" ಎಂದಳು.

"ಮೂವತ್ತು ದಾಟೇದ. ಡಿಜಿಟಲ್ ಬ್ರ್ಯಾಂಡಿಂಗಿನವ್ರು ನನ್ನ ಮುಂದ ತಕರಾರು ತಗದಾರ, ನೀವು ಅವರ ಹುಡುಗ್ರನ್ನ ಎಳಕೊಂಡ್ರಂತ. ನಿಮ್ಮ ಹೆಸರು, ಕೋಣಿ, ಎಲ್ಲಾ ಇದ್ದಲ್ಲೇ ಇರ್ತಾವ. ಇನ್ನ ಆ ಹೂವಿನ ಕಸ ಹೊಡಸ್ರಿ."

ಹರ್ಷಿತಾ ಮುಖ ಮುಚ್ಚಿಕೊಂಡು ಕಿಟಕಿ ಕಡೆ ತಿರುಗಿದಳು. ಆಮೇಲೆ ಮಂಡ್ಯಕ್ಕೆ ಫೋನು ಮಾಡಲು ಹೊರಗೆ ಓಡಿದಳು. ಅಮ್ಮಾ, ನಮ್ ಡಿಪಾರ್ಟ್‌ಮೆಂಟ್ ಉಳೀತು, ಎನ್ನುವ ಮಾತು ಕಾರಿಡಾರಿನ ಕೊನೆಯವರೆಗೆ ಕೇಳಿಸಿತು. ಮಾರ್ತಾಂಡರಾಯರು ಕಲಗಚ್ಚನ್ನು ಕೊನೆಯ ಹನಿಯವರೆಗೆ ಕುಡಿದು ಹೊರಟರು.

ಅಷ್ಟರಲ್ಲಿ ನನ್ನ ಫೋನಿಗೂ ಸಂದೇಶ ಬಂತು. ವರದಾಳದು. ಅಜ್ಜಿ ಮುಟ್ಟಿ ನೋಡಿದಳಂತೆ, ಒಂದೊಂದೇ ಗಂಟು. ತನ್ನದೇ ಎಂದಳಂತೆ. ಆಮೇಲೆ ನಡೆದದ್ದನ್ನೆಲ್ಲ ಕೇಳಿ, ಆ ಮೇಡಂ ಅವರಿಗೆ ಸೋಮವಾರ ಒಂದು ಮೊಳ ಕಟ್ಟಿಕೊಡುತ್ತೇನೆ, ಅವರು ಮುಡಿಯುತ್ತಾರೋ ಇಲ್ಲವೋ ಕೇಳು ಎಂದಳಂತೆ. ಮುಡೀತೇನಿ ಅಂತ ಹೇಳವಾ, ಎಂದು ಉತ್ತರ ಬರೆದೆ.

"ಮೇಡಂ, ಬೋರ್ಡು ತಗೀಲ್ಯಾ?" ಎಂದ ಕೃಷ್ಣಾಜಿ.

"ಬೋರ್ಡು ಇರಲಿ. ಕೆಸರು ತೆರದಾಗ ಹೂವು ಹೊರಗ. ಉಳಿದ ಹೊತ್ತು ಒಳಗ ಬರಲಿ. ನೀ ಚೀಟಿ ಹಚ್ಚೋದು ಕಲಿ."

ಅವನು ಕೊನೆಯ ಕೆಲಸವೊಂದನ್ನು ಉಳಿಸಿಕೊಂಡಿದ್ದ. ಬೆಳಿಗ್ಗೆ ಕಪಾಟಿನ ಮೇಲಿಟ್ಟ ಖಾಲಿ ಗಾಜನ್ನು ತಂದು, ತಪ್ಪು ಮಾಡಿದವನಂತೆ ಮೇಜಿನ ಮೇಲಿಟ್ಟ. ಫೋನು ಮುಗಿಸಿ ಬಂದ ಹರ್ಷಿತಾ ಅದನ್ನು ಮೈಕ್ರೋಸ್ಕೋಪಿಗೆ ಹಾಕಿ ಪರದೆ ಹಚ್ಚಿದಳು. ಸಂತೆ ನೆರೆದಿತ್ತು. ಮೊಗರೆ, ಸೇವಂತಿಗೆಯ ಮುಳ್ಳುಚೆಂಡು, ಜೋಳದ ಜಾತಿಯ ಹುಲ್ಲು, ವಿನೀತನ ಅರಿಷಿಣ, ಕೊಂಢವಾದ ಸಿಮೆಂಟು, ಬಿಸ್ಕೀಟಿನ ಹಿಟ್ಟು.

"ತೊಳೆದುಬಿಡ್ಲಾ ಮೇಡಂ? ರೂಲ್ ಪ್ರಕಾರ ಇದು ವೇಸ್ಟ್ ಅಲ್ವಾ" ಎಂದಳು.

ನಿಯಮದ ಪ್ರಕಾರ ತೊಳೆಯಬೇಕಾದದ್ದೇ. ನಾನು ಕೇತಕಿ ಮೇಡಂ ಅವರ ಡ್ರಾಯರು ಎಳೆದೆ. ಸಾಲು ಸಾಲು ಗಾಜುಗಳು, ಒಂದರ ಮೇಲೂ ಒಂದು ಚುಕ್ಕೆಯಿಲ್ಲ. ಅದೇ ಬೆಳಿಗ್ಗೆ ನಾನೇ ಹೇಳಿದ ಪಾಠ ನೆನಪಾಯಿತು. ಎಂದಾದರೂ ಯಾರಾದರೂ ಈ ಡ್ರಾಯರನ್ನು ಅಗೆದು ತೆಗೆದು, ನಮ್ಮ ವಿದ್ಯೆಯಿಂದಲೇ ಇದನ್ನು ಓದಿದರೆ ಏನು ಬರೆಯುತ್ತಾರೆ? ಕೇತಕಿ ಮೇಡಂ ಇಲ್ಲಿ ಜೀವ ತೇಯ್ದಿದ್ದರು. ನಾನು ಇದ್ದೆ, ಕೃಷ್ಣಾಜಿ ಇದ್ದ. ಆದರೂ ಅವರು ಬರೆಯುವುದು, ಇಲ್ಲಿ ಯಾರೂ ಇರಲಿಲ್ಲ ಎಂದೇ.

"ತೊಳೀಬ್ಯಾಡ" ಎಂದೆ.

ಗಾಜಿಗೆ ಮುಚ್ಚುಗಾಜು ಕೂರಿಸಿ, ಅಂಚಿಗೆ ಚೀಟಿ ಅಂಟಿಸಿ, ಅಂದಿನ ತಾರೀಖು ಹಾಕಿದೆ. ಖಾಲಿ ಎಂದು ಬರೆಯುವ ಜಾಗದಲ್ಲಿ, ಇಲ್ಲಿ ಜನ ಬಂದರು, ಎಂದು ಬರೆದೆ. ಆಮೇಲೆ ಅದನ್ನು ಕೇತಕಿ ಮೇಡಂ ಅವರ ಸಾಲಿನ ಕೊನೆಯಲ್ಲಿಟ್ಟು ಡ್ರಾಯರು ಮುಚ್ಚಿದೆ.